ಐದು ವರ್ಷದ ಮಗುವಿಗೆ ದೂಡುಗಾಡಿ: ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿಯಿರಿ

"ನಡೆಯುವ ಮಗುವಿಗೆ ಗಾಡಿ ಎಂತಕ್ಕೆ?" ಸ್ಟ್ರಾಲರ್ ಮಾತೆತ್ತಿದರೆ ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇದನ್ನು ಕೇಳದೆ ಬಿಡುವುದಿಲ್ಲ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನುವಂತೆಯೂ ಇಲ್ಲ. ಕುಂಬಳೆ ಬೆಡಿಗೆ (ದೇವಸ್ಥಾನದ ಜಾತ್ರೆಯ ಸಿಡಿಮದ್ದಿಗೆ) ಹೋದ ಐದು ವರ್ಷದ ಮಗು ಬೆಡಿ ಮುಗಿಯುವವರೆಗೂ ಓಡಾಡಿಕೊಂಡೇ ಇರುತ್ತದೆ. ಬಚ್ಚಿದರೆ ಅಪ್ಪನ ಹೆಗಲಿದೆ, ಹತ್ತಿರದಲ್ಲೇ ನೆಂಟರ ಮನೆಯೂ ಇರುತ್ತದೆ.

ಥೀಮ್ ಪಾರ್ಕಿನ ಲೆಕ್ಕ ಬೇರೆ. ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ ಹೋದರೆ ಹೊರಬೀಳುವುದು ರಾತ್ರಿ ಎಂಟಕ್ಕೆ. ದೊಡ್ಡವರ ಹೆಜ್ಜೆ ಸುಮಾರು 70 ಸೆಂ.ಮೀ. ಎಂದಿಟ್ಟುಕೊಂಡರೆ 9 ಕಿ.ಮೀ. ಸುತ್ತಾಟಕ್ಕೆ ಹದಿಮೂರು ಸಾವಿರ ಹೆಜ್ಜೆ. 45 ಸೆಂ.ಮೀ. ಹೆಜ್ಜೆಯ ಮಗುವಿಗೆ ಅದೇ ದಾರಿ ಇಪ್ಪತ್ತು ಸಾವಿರ ಹೆಜ್ಜೆ. ಅದರ ಮೇಲೆ ಕ್ಯೂನಲ್ಲಿ ನಿಲ್ಲುವುದು, ಸೆಕೆ, ಸದ್ದು. ಸಂಜೆ ಐದರ ಹೊತ್ತಿಗೆ 18 ಕೆ.ಜಿ.ಯ ಮಗು ಯಾರದ್ದಾದರೂ ಸೊಂಟ ಏರಿ ಕೂರುತ್ತದೆ. ಗಾಡಿ ಬೇಕಾಗುವುದು ಆಗ.

ಆದರೆ ನಾಲ್ಕರಿಂದ ಆರು ವರ್ಷದ ಮಗುವಿಗೆ ಬೇಕಾದದ್ದು ಶಿಶುವಿನ ಗಾಡಿಯಲ್ಲ. ಶಿಶುವನ್ನು ನಾವು ಮಲಗಿಸುತ್ತೇವೆ, ನಾವೇ ಎತ್ತುತ್ತೇವೆ. ದೊಡ್ಡ ಮಗು ತಾನೇ ಹತ್ತುತ್ತದೆ, ತಾನೇ ಇಳಿಯುತ್ತದೆ, ದಿನಕ್ಕೆ ಮೂವತ್ತು ನಲವತ್ತು ಸಲ. ಇದು ನಮ್ಮ ಹಿಂದೆಯೇ ಬರುವ ಕುರ್ಚಿ. ಹಾಗೆ ನೋಡಿದರೆ ಅಂಗಡಿಯವರು ಹೊಗಳುವ ಅರ್ಧ ಸೌಕರ್ಯ ಬೇಡವಾಗುತ್ತದೆ, ಅವರು ಬಾಯಿಯೇ ಬಿಡದ ನಾಲ್ಕೈದು ಅಳತೆಗಳು ಮುಖ್ಯವಾಗುತ್ತವೆ.

ಯಾವ ಪಾರ್ಕು ಅನ್ನುವುದನ್ನು ಮೊದಲು ತೀರ್ಮಾನಿಸಿ

ಪರಶ್ಶಿನಿಕಡವಿನ ವಿಸ್ಮಯ, ಕೊಚ್ಚಿಯ ಪಳ್ಳಿಕ್ಕರದ ವಂಡರ್‌ಲಾ, ಬಿಡದಿಯ ವಂಡರ್‌ಲಾ, ಪಿಲಿಕುಳದ ಮಾನಸ: ನಾವು ಹೋಗುವ ಈ ಪಾರ್ಕುಗಳಲ್ಲಿ ಮಕ್ಕಳ ದಿನದ ಹೆಚ್ಚಿನ ಪಾಲು ಕಳೆಯುವುದು ನೀರಿನಲ್ಲಿ. ಒದ್ದೆ ಬಟ್ಟೆಯ ಮಗುವನ್ನು ಬಟ್ಟೆಯ ಸೀಟಿನಲ್ಲಿ ಕೂರಿಸುವುದು, ಮೆಟ್ಟಿಲು ಬಂದಲ್ಲೆಲ್ಲ ಗಾಡಿ ಹೊರುವುದು, ಜಾರುವ ನೆಲದಲ್ಲಿ ಒಬ್ಬರು ಗಾಡಿ ಕಾಯುತ್ತ ನಿಲ್ಲುವುದು. ಇಷ್ಟಕ್ಕಾಗಿ ಹೊಸ ಗಾಡಿ ಕೊಳ್ಳಬೇಡಿ. ಅಲ್ಲಿಗೆ ಒಂದು ಒಣ ಟವೆಲು ಮತ್ತು ಮಧ್ಯಾಹ್ನ ಒಂದು ಗಂಟೆ ನೆರಳಿನಲ್ಲಿ ಕೂರುವ ಬುದ್ಧಿ ಸಾಕು. ಪಿಲಿಕುಳದ ಮೃಗಾಲಯಕ್ಕಾದರೆ ಗಾಡಿ ಒಯ್ಯಬಹುದು. ಅದು ನಡೆದು ನೋಡುವ ಜಾಗ. ಬೇಕಲ ಕೋಟೆಗೆ ಬೇಡ, ಹುಲ್ಲು ಕಲ್ಲುಗಳ ಮೇಲೆ ಸಣ್ಣ ಚಕ್ರ ಓಡುವುದಿಲ್ಲ.

ಗಲ್ಫಿನ ಮಾತು ಬೇರೆ. ಕಾಸರಗೋಡಿನಲ್ಲಿ ದುಬೈಯಲ್ಲೋ ಅಬುಧಾಬಿಯಲ್ಲೋ ಯಾರೂ ಇಲ್ಲದ ಮನೆ ಹುಡುಕಿ ಸಿಗಬೇಕು. ರಜೆಗೆ ಭಾವನೋ ಚಿಕ್ಕಪ್ಪನೋ ಕರೆಸಿಕೊಂಡರೆ ಮಕ್ಕಳ ಪಟ್ಟಿಯಲ್ಲಿ ಲೆಗೋಲ್ಯಾಂಡ್, ಮೋಶನ್‌ಗೇಟ್, ಐಎಮ್‌ಜಿ ವರ್ಲ್ಡ್ಸ್, ಫೆರಾರಿ ವರ್ಲ್ಡ್ ಇದ್ದೇ ಇರುತ್ತವೆ. 2016ರಲ್ಲಿ ತೆರೆದ ಐಎಮ್‌ಜಿ ಪೂರ್ತಿ ಮಾಡಿನ ಕೆಳಗಿರುವ ಎಸಿ ಪಾರ್ಕು, ವಿಸ್ತಾರ ಸುಮಾರು 15 ಲಕ್ಷ ಚದರಡಿ. ಅಲ್ಲಿ ಬಿಸಿಲಿನ ಕೊಡೆಯ ಗೊಡವೆ ಇಲ್ಲ, ನೆಲ ನುಣುಪು, ಸಣ್ಣ ಚಕ್ರದ ಗಾಡಿ ಆರಾಮವಾಗಿ ಸಾಗುತ್ತದೆ. ದುಬೈಯ ಗ್ಲೋಬಲ್ ವಿಲೇಜ್ ಚಳಿಗಾಲದ ತಿಂಗಳುಗಳಲ್ಲಿ ಸಂಜೆ ತೆರೆಯುವ ಬಯಲು ಮೇಳ. ಮಕ್ಕಳು ಮಲಗುವ ಹೊತ್ತಿಗೆ ಅಲ್ಲಿ ತಿರುಗಾಟ ಇನ್ನೂ ಅರ್ಧದಲ್ಲಿರುತ್ತದೆ. ನನ್ನನ್ನು ಕೇಳಿದರೆ ಗಾಡಿಯ ಬೆಲೆ ವಸೂಲಾಗುವುದು ರೈಡುಗಳ ಪಾರ್ಕಿಗಿಂತ ಅಲ್ಲೇ ಹೆಚ್ಚು.

ವರ್ಷ ನೋಡಬೇಡಿ, ಕೆ.ಜಿ. ನೋಡಿ

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 0–3 ವರ್ಷ, 0–5 ವರ್ಷ ಎಂದು ಬರೆದಿರುತ್ತಾರೆ. ಅದು ಮಾರಾಟಗಾರರ ಅಂದಾಜು. ಗಾಡಿಯ ಚೌಕಟ್ಟಿಗೆ ಅಂಟಿಸಿದ ಸಣ್ಣ ಚೀಟಿಯಲ್ಲಿ ತೂಕದ ಮಿತಿ ಇರುತ್ತದೆ, ಓದಬೇಕಾದದ್ದು ಅದನ್ನು. ಯುರೋಪಿನ ಇಎನ್ 1888 ಮಾನದಂಡದಲ್ಲಿ 2018ರಿಂದ ಎರಡು ಭಾಗಗಳಿವೆ. ಮೊದಲ ಭಾಗ 15 ಕೆ.ಜಿ.ವರೆಗಿನ ಮಕ್ಕಳ ಗಾಡಿಗೆ, ಎರಡನೆಯದು 15ರಿಂದ 22 ಕೆ.ಜಿ.ವರೆಗಿನವರ ಗಾಡಿಗೆ. ಅಮೆರಿಕದ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು 50 ಪೌಂಡ್, ಅಂದರೆ 22.7 ಕೆ.ಜಿ. ನಮ್ಮ ಪೇಟೆಗಳಲ್ಲಿ ಸಾಮಾನ್ಯವಾಗಿ ಸಿಗುವ ಅಗ್ಗದ ಗಾಡಿಗಳ ಮಿತಿ 15 ಕೆ.ಜಿ.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಕೋಷ್ಟಕದ ನಡುಮಟ್ಟ ಹಿಡಿದರೆ ಮೂರು ವರ್ಷಕ್ಕೆ 14, ನಾಲ್ಕಕ್ಕೆ 16, ಐದಕ್ಕೆ 18, ಆರಕ್ಕೆ 20 ಕೆ.ಜಿ. ಆಸುಪಾಸು. ನಾಲ್ಕು ತುಂಬುವ ಮೊದಲೇ 15ರ ಗಾಡಿ ಕೈಬಿಡುತ್ತದೆ ಎಂದಾಯಿತು. ನಿಮ್ಮ ಮಗು ಕೋಷ್ಟಕಕ್ಕಿಂತ ಸಪುರ ಇರಬಹುದು, ದಪ್ಪ ಇರಬಹುದು. ಮಗುವನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಶೂ, ಬಟ್ಟೆ, ಮಡಿಲಲ್ಲಿ ಹಿಡಿದುಕೊಳ್ಳುವ ನೀರಿನ ಬಾಟಲಿ, ಅಲ್ಲಿ ಕೊಡಿಸುವ ಗೊಂಬೆ ಎಲ್ಲ ಸೇರಿ ಇನ್ನೊಂದು ಕಿಲೋ. ಮಿತಿಗಿಂತ 2 ಕೆ.ಜಿ. ಕಡಿಮೆ ಇರುವಂತೆ ನೋಡಿಕೊಂಡರೆ ನೆಮ್ಮದಿ. ಮೂರೂವರೆ ವರ್ಷದ ಮಗುವಿಗೆ ಇವತ್ತು ಕೊಳ್ಳುವುದಾದರೂ 22ರದ್ದನ್ನೇ ಕೊಳ್ಳಿ.

ಮಿತಿ ಮೀರಿದರೆ ಗಾಡಿ ಪಟಕ್ಕನೆ ಮುರಿದು ಬೀಳುವುದಿಲ್ಲ. ಹಾಗಾಗಿಯೇ ಜನ "ಏನೂ ಆಗುವುದಿಲ್ಲ" ಅನ್ನುವುದು. ಆಗುವುದು ನಿಧಾನವಾಗಿ. ಮೊದಲು ಸೀಟಿನ ಬಟ್ಟೆ ಜೋಲುತ್ತದೆ, ಮಗುವಿನ ಕುಂಡೆ ಕೆಳಗಿನ ಅಡ್ಡಕಂಬಿಗೆ ತಾಗುತ್ತದೆ. ಆಮೇಲೆ ರಿವೆಟ್ ಕೂರುವ ತೂತು ಉದ್ದುದ್ದ ಆಗಿ ಚೌಕಟ್ಟು ಕಟಕಟ ಅನ್ನಲು ಶುರು. ಹಿಂದಿನ ಅಚ್ಚು ಬಾಗಿದರೆ ಎರಡೂ ಚಕ್ರಗಳ ಬುಡ ಹೊರಗೆ ಚಾಚುತ್ತದೆ, ಒಳಬದಿ ಮಾತ್ರ ಸವೆಯುತ್ತದೆ. ಮುಂದಿನ ಚಕ್ರ ಸ್ವಲ್ಪ ವೇಗಕ್ಕೇ ಗಡಗಡ ನಡುಗುತ್ತದೆ. ಕೊನೆಗೆ ಬ್ರೇಕಿನ ಹಲ್ಲು ಹಿಡಿಯದೆ ಜಾರುತ್ತದೆ. ಅಷ್ಟರಲ್ಲಿ ನೀವು ಪಾರ್ಕಿನ ಯಾವುದೋ ಇಳಿಜಾರಿನಲ್ಲಿರುತ್ತೀರಿ.

ಇದಕ್ಕೆ ಮನೆಯ ಅಂಗಳದಲ್ಲೇ ಒಂದು ಪರೀಕ್ಷೆ ಇದೆ. 10 ಕೆ.ಜಿ.ಯ ಎರಡು ಕುಚ್ಚಲಕ್ಕಿ ಚೀಲಗಳನ್ನು ಸೀಟಿನಲ್ಲಿಟ್ಟು ಬೆಲ್ಟು ಹಾಕಿ. ಇಂಟರ್‌ಲಾಕ್ ಹಾಸಿದ ಅಂಗಳವಾದರೆ ಇನ್ನೂ ಒಳ್ಳೆಯದು, ಕಲ್ಲುಗಳ ನಡುವಿನ ಸಂದು ಸಣ್ಣ ಚಕ್ರದ ಗುಟ್ಟು ರಟ್ಟು ಮಾಡುತ್ತದೆ. ಬೇಗ ಬೇಗ ದೂಡಿ, ಮುಂದಿನ ಚಕ್ರ ನಡುಗುತ್ತದೆಯೇ ನೋಡಿ. ಮಟ್ಟಸ ನೆಲದಲ್ಲಿ ಒಮ್ಮೆ ಕೈಬಿಡಿ, ಎರಡು ಮೀಟರಿನೊಳಗೆ ಒಂದು ಬದಿಗೆ ಎಳೆದರೆ ಚೌಕಟ್ಟು ಸೊಟ್ಟ. ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಚಕ್ರ ನೆಟ್ಟಗಿದೆಯೇ ಗಮನಿಸಿ. ಗೇಟಿನ ಬಳಿಯ ಇಳಿಜಾರಿನಲ್ಲಿ ಬ್ರೇಕು ಹಾಕಿ ಐದು ನಿಮಿಷ ಬಿಡಿ. ಅಲ್ಲಿ ಬೀಳುವುದಾದರೆ ಅಕ್ಕಿ ಬೀಳಲಿ.

ಮೂರು ಅಳತೆ

ಹೊಲಿಗೆಯವರ ಇಂಚುಟೇಪು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ. ಆನ್‌ಲೈನಿನಲ್ಲಿ ತರಿಸುವವರು ಮಾರುವವರಿಗೆ ಬರೆದು ಅಳತೆ ಕೇಳಿ. ಸೀಟಿನಿಂದ ಕೊಡೆಯವರೆಗಿನ ಎತ್ತರವನ್ನು ಹೆಚ್ಚಿನ ಕಂಪೆನಿಗಳು ಪೆಟ್ಟಿಗೆಯ ಮೇಲೆ ಹಾಕುವುದೇ ಇಲ್ಲ.

ಮೊದಲನೆಯದು ಕೂತ ಎತ್ತರ. ಮಗುವನ್ನು ಗೋಡೆಗೆ ಬೆನ್ನು ತಾಗಿಸಿ ನೆಲದಲ್ಲಿ ಕೂರಿಸಿ. ತಲೆಯ ಮೇಲೆ ಒಂದು ಪುಸ್ತಕ ಮಟ್ಟಸವಾಗಿಟ್ಟು ಗೋಡೆಗೆ ಪೆನ್ಸಿಲಿನಲ್ಲಿ ಗೀರು ಹಾಕಿ, ನೆಲದಿಂದ ಅಳೆಯಿರಿ. 103 ಸೆಂ.ಮೀ. ಎತ್ತರದ ನಾಲ್ಕು ವರ್ಷದ ಮಗುವಿಗೆ ಇದು 58ರ ಆಸುಪಾಸು, 110ರ ಐದು ವರ್ಷದ ಮಗುವಿಗೆ 61. ಟೊಪ್ಪಿಗೆ, ಕೂದಲಿನ ಜುಟ್ಟಿಗೆ 4 ಸೆಂ.ಮೀ. ಸೇರಿಸಿ. ಗಾಡಿಯ ಸೀಟಿನಿಂದ ಕೊಡೆಯ ಒಳಮೈವರೆಗೆ ಅಷ್ಟು ಇಲ್ಲದಿದ್ದರೆ ಮಗು ಕುತ್ತಿಗೆ ಬಗ್ಗಿಸಿ ಕೂರುತ್ತದೆ, ಇಲ್ಲವೇ ಮುಂದಕ್ಕೆ ಜಾರಿ ಕೂರುತ್ತದೆ. ಜಾರಿ ಕೂತರೆ ಕಾಲು ಇನ್ನಷ್ಟು ಕೆಳಗಿಳಿಯುತ್ತದೆ. ಕೊಡೆಯನ್ನು ಕಂಬಿಯುದ್ದಕ್ಕೂ ಮೇಲಕ್ಕೆ ಕೆಳಕ್ಕೆ ಸರಿಸಲು ಬರುವ ಮಾದರಿ ಸಿಕ್ಕರೆ ಮರುಮಾತಿಲ್ಲದೆ ತೆಗೆದುಕೊಳ್ಳಿ.

ಎರಡನೆಯದು ಮೊಣಕಾಲಿನ ಹಿಂಬದಿಯಿಂದ ಹಿಮ್ಮಡಿವರೆಗೆ. ಐದು ವರ್ಷಕ್ಕೆ 28 ಸೆಂ.ಮೀ. ಹತ್ತಿರ ಇರುತ್ತದೆ. ಸೀಟಿನ ಮುಂತುದಿಯಿಂದ ಕಾಲಿಡುವ ಪಟ್ಟಿಗೆ 20 ಮಾತ್ರ ಇದ್ದರೆ ಮೊಣಕಾಲು ಎದೆಯ ಕಡೆಗೆ ಏಳುತ್ತದೆ. ಮಕ್ಕಳು ಅದನ್ನು ಹೇಳುವುದಿಲ್ಲ, ಪಟ್ಟಿಯಿಂದ ಕಾಲು ತೆಗೆದು ಕೆಳಗೆ ಇಳಿಬಿಡುತ್ತಾರೆ. ಅಪಾಯ ಇರುವುದು ಇಲ್ಲಿ. ಮುಂದಿನ ಚಕ್ರ ತಿರುಗುವಾಗ ಅದರ ಕವಲು ಒಳಕ್ಕೆ ಸುತ್ತುತ್ತದೆ, ನೇತಾಡುವ ಚಪ್ಪಲಿಯ ಪಟ್ಟಿ ಅದಕ್ಕೆ ಸಿಕ್ಕಿಕೊಂಡರೆ ಗಾಡಿ ಅಲ್ಲೇ ಗಕ್ಕನೆ ನಿಂತು ಮಗುವಿನ ಪಾದ ತಿರುಚುತ್ತದೆ. ಕಾಲು ಇಳಿಬಿಟ್ಟರೂ ನೆಲಕ್ಕೂ ಪಾದಕ್ಕೂ ನಡುವೆ ಒಂದು ಗೇಣಿನ ಅರ್ಧದಷ್ಟಾದರೂ ಅಂತರ ಇರಬೇಕು, ಪಾದ ಚಕ್ರದ ಸುತ್ತಿನೊಳಗೆ ಹೋಗಬಾರದು. ಆ ದಿನ ಪಟ್ಟಿಯ ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕಿಸಿ.

ಮೂರನೆಯದು ಸೀಟಿನ ಅಗಲ, ಭುಜದ ಮಟ್ಟದಲ್ಲಿ ಅಳೆದದ್ದು. 33 ಸೆಂ.ಮೀ.ಗಿಂತ ಕಡಿಮೆಯದ್ದು ಬೇಡ. ಸೊಂಟದ ಬಳಿ ಅಗಲವಾಗಿ ಕಂಡು ಮೇಲೆ ಬಂದಂತೆ ಕಿರಿದಾಗುವ ಸೀಟುಗಳಿವೆ, ಕಣ್ಣಳತೆಗೆ ಗೊತ್ತಾಗುವುದಿಲ್ಲ.

ಬೆನ್ನು ಪೂರ್ತಿ ಮಲಗುವ ಸೀಟಿಗೆ ಹೆಚ್ಚು ದುಡ್ಡು ಕೊಡಬೇಡಿ. ಅದು ಹಸುಗೂಸಿಗೆ. ಐದು ವರ್ಷದ ಮಗು ನಿದ್ದೆ ಹೋದರೆ ತಲೆ ಮುಂದೆ ಬೀಳದಷ್ಟು ಹಿಂದಕ್ಕೆ ವಾಲಿದರೆ ಸಾಕು. ಪಟ್ಟಿ ಎಳೆದು ವಾಲಿಸುವ ಮಾದರಿ ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸದೆ ವಾಲುತ್ತದೆ, ಮೂರು ಹಂತದ ಕ್ಲಿಕ್ಕಿನದ್ದು ಕುಲುಕಿ ಎಬ್ಬಿಸುತ್ತದೆ.

ಹತ್ತುವುದು, ಇಳಿಯುವುದು, ಮಗುಚುವುದು

ದೊಡ್ಡ ಮಕ್ಕಳ ಗಾಡಿ ಮಗುಚುವುದು ಹೆಚ್ಚಾಗಿ ಎರಡು ರೀತಿಯಲ್ಲಿ. ಎರಡಕ್ಕೂ ಶಾಲೆಯಲ್ಲಿ ಕಲಿತ ಸನ್ನೆಗೋಲಿನ ಲೆಕ್ಕ ಸಾಕು.

ಗಾಡಿಯ ತೂಕ 6 ಕೆ.ಜಿ., ಹಿಂದಿನ ಮುಂದಿನ ಚಕ್ರಗಳ ನಡುವೆ 50 ಸೆಂ.ಮೀ., ಖಾಲಿ ಗಾಡಿಯ ಭಾರ ಹಿಂದಿನ ಅಚ್ಚಿನಿಂದ 20 ಸೆಂ.ಮೀ. ಮುಂದೆ ಕೇಂದ್ರವಾಗಿದೆ ಎಂದಿಟ್ಟುಕೊಳ್ಳಿ. ಹಿಡಿಕೆ ಅದೇ ಅಚ್ಚಿಗಿಂತ 25 ಸೆಂ.ಮೀ. ಹಿಂದಿದೆ. ಹಿಡಿಕೆಗೆ ನೀರು, ತಿಂಡಿ, ಬದಲಿ ಬಟ್ಟೆಯ 5 ಕೆ.ಜಿ. ಚೀಲ ತೂಗುಹಾಕಿದ್ದೀರಿ. ಹಿಂದಕ್ಕೆ ಎಳೆಯುವುದು 5×25, ಅಂದರೆ 125. ಮುಂದಕ್ಕೆ ಹಿಡಿದಿಡುವುದು 6×20, ಅಂದರೆ 120. ಮಗು ಕೂತಿರುವಷ್ಟು ಹೊತ್ತು ಅದರ ಭಾರ ಗಾಡಿಯನ್ನು ಕಾಯುತ್ತದೆ. ಮಗು ಟಣಕ್ಕನೆ ಕೆಳಗೆ ಹಾರಿದ ಕ್ಷಣ ಗಾಡಿ ಬೆನ್ನಡಿಯಾಗುತ್ತದೆ, ಹಿಂದೆ ನಿಂತ ತಮ್ಮನ ಮೇಲೆ ಬಿದ್ದರೂ ಬಿದ್ದೀತು. ಅದೇ ಚೀಲವನ್ನು ಸೀಟಿನ ಕೆಳಗಿನ ಬುಟ್ಟಿಗೆ ಹಾಕಿದರೆ ಅದು ಅಚ್ಚಿನ ಮುಂದೆ ಕೂತು ಗಾಡಿಯನ್ನು ಒತ್ತಿ ಹಿಡಿಯುತ್ತದೆ. ಬುಟ್ಟಿಗೂ ತನ್ನದೇ ಮಿತಿ ಇದೆ, ಸಣ್ಣ ಗಾಡಿಗಳಲ್ಲಿ 2ರಿಂದ 5 ಕೆ.ಜಿ. ಉಳಿದದ್ದು ದೊಡ್ಡವರ ಬೆನ್ನಿಗೆ.

ಇನ್ನು ಮುಂದಕ್ಕೆ. 18 ಕೆ.ಜಿ.ಯ ಮಗು ಗಾಡಿಯ ಎದುರಿಗೆ ಬಂದು, ಬಸ್ಸಿನ ಮೆಟ್ಟಿಲು ಹತ್ತುವಂತೆ ಕಾಲಿಡುವ ಪಟ್ಟಿಯ ಮೇಲೆ ನಿಲ್ಲುತ್ತದೆ. ಪಟ್ಟಿ ಮುಂದಿನ ಚಕ್ರಕ್ಕಿಂತ 12 ಸೆಂ.ಮೀ. ಮುಂದಿದ್ದರೆ 18×12, 216. ಖಾಲಿ ಗಾಡಿಯ ಭಾರ ಮುಂದಿನ ಚಕ್ರಕ್ಕಿಂತ 30 ಸೆಂ.ಮೀ. (50ರಲ್ಲಿ 20 ಕಳೆದು) ಹಿಂದಿದೆ, ಹಿಂದಕ್ಕೆ ಹಿಡಿಯುವುದು 6×30, ಬರೇ 180. ಮಗುವಿನ ಮೇಲೆಯೇ ಗಾಡಿ ಕವುಚುತ್ತದೆ. ಬ್ರೇಕು ಹಾಕಿದ್ದರೂ ಕವುಚುತ್ತದೆ. ಬ್ರೇಕು ಉರುಳುವುದನ್ನು ತಡೆಯುತ್ತದೆ, ಮಗುಚುವುದನ್ನಲ್ಲ. ಒಂಬತ್ತು ಕೆ.ಜಿ.ಯ ಪಾಪುವಿಗೆ ಪಟ್ಟಿಯ ಮೇಲೆ ಹತ್ತಿ ನಿಲ್ಲಲು ಬರುವುದಿಲ್ಲ, ಆದ್ದರಿಂದ ಆಗ ಈ ಸಮಸ್ಯೆಯೇ ಇರಲಿಲ್ಲ.

ಬಟ್ಟೆಯ ಪಟ್ಟಿಯಂತೆ ಜೋಲುವ ಕಾಲುಪಟ್ಟಿ, ಅಥವಾ ಮುಂದಿನ ಚಕ್ರಕ್ಕಿಂತ ಹಿಂದೆ ಇರುವ ಪಟ್ಟಿ ಇದ್ದರೆ ಒಳ್ಳೆಯದು. ಮಗುವಿಗೆ ಎರಡು ದಿನ ಮೊದಲೇ ಅಂಗಳದಲ್ಲಿ ಅಭ್ಯಾಸ ಮಾಡಿಸಿ: ದೊಡ್ಡವರು ಬ್ರೇಕು ಹಾಕಬೇಕು, ಮಗು ಗಾಡಿಗೆ ಬೆನ್ನು ಹಾಕಿ ನಿಲ್ಲಬೇಕು, ಎರಡೂ ಬದಿಯ ಕಂಬಿ ಮುಟ್ಟಿ ಹಿಂದಕ್ಕೆ ಕೂರಬೇಕು, ಕಾಲು ಕೊನೆಗೆ ಮೇಲೆ. ಇಳಿಯುವಾಗ ಕಾಲು ನೇರ ನೆಲಕ್ಕೆ, ಪಟ್ಟಿಯ ಮೇಲೆ ನಿಲ್ಲುವಂತಿಲ್ಲ. ಎದುರಿಗೆ ಅಡ್ಡಗಂಬಿ ಇದ್ದರೆ ಬಿಚ್ಚಿ ಮನೆಯಲ್ಲಿಡಿ. ಬಿಚ್ಚಲು ಬಾರದ ಅಡ್ಡಗಂಬಿಯ ಗಾಡಿ ಈ ವಯಸ್ಸಿಗೆ ಆಗದು, ಮಗು ಅದರ ಮೇಲಿನಿಂದ ದಾಟಲು ಹೋಗಿ ಬೀಳುತ್ತದೆ. ಐದು ಪಟ್ಟಿಯ ಬೆಲ್ಟಿನ ಭುಜದ ಪಟ್ಟಿ ಕುತ್ತಿಗೆಗೆ ಕೊಯ್ಯುವಷ್ಟು ಕೆಳಗಿದ್ದರೆ, ಅದನ್ನು ಬೇರೆ ಮಾಡಿ ಸೊಂಟದ ಪಟ್ಟಿ ಮಾತ್ರ ಉಳಿಸಲು ಬರುತ್ತದೆಯೇ ಎಂದು ಕೈಪಿಡಿ ನೋಡಿ. ಸೊಂಟದ ಪಟ್ಟಿಯನ್ನಂತೂ ಬಿಡುವಂತಿಲ್ಲ.

ಮಡಚುವ ಕೀಲಿನ ಬಳಿಯೂ ಕಣ್ಣಿಡಿ. 2009ರಲ್ಲಿ ಅಮೆರಿಕದಲ್ಲಿ ಒಂದು ಹೆಸರಾಂತ ಕಂಪೆನಿ ಸುಮಾರು ಹತ್ತು ಲಕ್ಷ ಛತ್ರಿ ಮಾದರಿಯ ಗಾಡಿಗಳ ಕೀಲಿಗೆ ಮುಚ್ಚಳ ಕೊಡಬೇಕಾಗಿ ಬಂತು. ಬಿಡಿಸುವಾಗ ಮಕ್ಕಳ ಬೆರಳು ಸಿಕ್ಕಿ ತುಂಡಾದ ಪ್ರಕರಣಗಳೇ ಅದಕ್ಕೆ ಕಾರಣ. ದೊಡ್ಡ ಮಕ್ಕಳಿಗೆ ಗಾಡಿ ಬಿಡಿಸಲು ತಾವೂ ಕೈ ಹಾಕುವ ಹುಮ್ಮಸ್ಸು. ಮಡಚುವಾಗ, ಬಿಡಿಸುವಾಗ ಮಗು ಎರಡು ಮಾರು ದೂರ ನಿಲ್ಲಲಿ.

ಒಂದು ಕೈಯಲ್ಲಿ ದೂಡಲು ಬರಬೇಕು

ಛತ್ರಿಯಂತೆ ಉದ್ದಕ್ಕೆ ಮಡಚುವ ಗಾಡಿಗೆ ಎರಡು ಬೇರೆ ಬೇರೆ ಹಿಡಿಕೆ ಇರುತ್ತವೆ. ಅಗ್ಗ, ಹಗುರ, ಗಟ್ಟಿಯೂ ಹೌದು. ಆದರೆ ಒಂದು ಕೈಯಲ್ಲಿ ದೂಡಿದರೆ ಬದಿಗೆ ತಿರುಗುತ್ತದೆ. ಪಾರ್ಕಿನಲ್ಲಿ ಇನ್ನೊಂದು ಕೈ ಖಾಲಿ ಇರುವುದೇ ಇಲ್ಲ, ಅದರಲ್ಲಿ ತಂಗಿಯ ಕೈಯೋ ಐಸ್‌ಕ್ರೀಮೋ ಇರುತ್ತದೆ. ಒಂದೇ ಅಡ್ಡ ಹಿಡಿಕೆಯ, ಮೂರು ಮಡಿಕೆಯ ಗಾಡಿಯೇ ವಾಸಿ. ಹಿಡಿಕೆಯ ಎತ್ತರ 100 ಸೆಂ.ಮೀ. ಮೇಲಿರಲಿ. 18 ಕೆ.ಜಿ.ಯ ಮಗುವನ್ನು ಬಗ್ಗಿಕೊಂಡು ದೂಡಿದರೆ ಸಂಜೆಗೆ ಬೆನ್ನು ಹಿಡಿಯುತ್ತದೆ.

ಚಕ್ರ 12ರಿಂದ 15 ಸೆಂ.ಮೀ. ಸಾಕು. ಗಾಳಿ ತುಂಬುವ ದೊಡ್ಡ ಚಕ್ರದ ಮೂರು ಗಾಲಿಯ ಗಾಡಿಗಳು ದೂಡಲು ಬೆಣ್ಣೆಯಂತೆ, ಕೆಲವು 34 ಕೆ.ಜಿ.ವರೆಗೂ ಹೊರುತ್ತವೆ. ಆದರೆ ಅವೇ ಹನ್ನೆರಡು ಹದಿಮೂರು ಕೆ.ಜಿ. ಇರುತ್ತವೆ, ಟ್ಯಾಕ್ಸಿಯ ಡಿಕ್ಕಿ ತುಂಬಿಬಿಡುತ್ತವೆ. ಆರು ವರ್ಷ ದಾಟಿದ, ಹೆಚ್ಚು ನಡೆಯಲು ಆಗದ, ವಿಶೇಷ ಆರೈಕೆ ಬೇಕಾದ ಮಗುವಿಗೆ ಮಾತ್ರ ಅಂಥದ್ದನ್ನು ಯೋಚಿಸಬಹುದು. ಅಂಥ ಮಕ್ಕಳಿಗಾಗಿಯೇ ಮಾಡಿದ ಗಾಡಿಗಳು ಬೇರೆ ಇವೆ, ಥೆರಪಿಸ್ಟರನ್ನು ಕೇಳಿ ಆರಿಸಬೇಕು.

ಊರಿನಿಂದ ಪಾರ್ಕಿನವರೆಗೆ

ಮಂಜೇಶ್ವರ, ಕುಂಬಳೆಯಂಥ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಗಾಡಿ ಮಡಚಿ, ಮಗು ಎತ್ತಿ, ಪೆಟ್ಟಿಗೆ ಹಾಕಿ ಆಗದು. ಪ್ಲಾಟ್‌ಫಾರ್ಮಿಗೆ ಬರುವ ಮೊದಲೇ ಮಡಚಿ ಹೆಗಲಿಗೆ ಹಾಕಿಕೊಳ್ಳಿ. ಹೆಗಲಪಟ್ಟಿ ಇಲ್ಲದ ಗಾಡಿಗೆ ಹಳೆಯ ಬ್ಯಾಗಿನ ಪಟ್ಟಿ ಕಟ್ಟಿದರೂ ನಡೆಯುತ್ತದೆ.

ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತುವವರಿಗೆ ಎರಡು ವಿಷಯ. "ಕ್ಯಾಬಿನ್ ಸ್ಟ್ರಾಲರ್" ಎಂಬ ಜಾಹೀರಾತನ್ನು ಹಾಗೆಯೇ ನಂಬಬೇಡಿ. ಹೆಸರುವಾಸಿಯಾದ ಬೇಬಿಜೆನ್ ಯೋಯೋ ಮಡಚಿದಾಗ 52×44×18 ಸೆಂ.ಮೀ., ತೂಕ 6.2 ಕೆ.ಜಿ., 22 ಕೆ.ಜಿ.ವರೆಗಿನ ಮಗುವಿಗೆ ಆಗುತ್ತದೆ. ಚೊಕ್ಕ ಗಾಡಿಯೇ. ಆದರೆ ಇಂಡಿಗೋದ ಕ್ಯಾಬಿನ್ ಬ್ಯಾಗಿನ ಮಿತಿ 55×35×25. ಅಗಲದಲ್ಲಿ 9 ಸೆಂ.ಮೀ. ಹೆಚ್ಚಾಯಿತಲ್ಲ! ಬಾಗಿಲಲ್ಲಿ ನಿಂತವರು ಬಿಟ್ಟರೆ ಪುಣ್ಯ. ಎರಡನೆಯದು, ಸ್ಟ್ರಾಲರಿಗೆ ದುಡ್ಡಿಲ್ಲ ಎಂಬ ನಿಯಮವನ್ನು ಕೆಲವು ಕಂಪೆನಿಗಳು ಎರಡು ವರ್ಷದೊಳಗಿನ ಶಿಶುವಿಗೆಂದು ಬರೆದಿರುತ್ತವೆ. ಐದು ವರ್ಷದ ಮಗುವಿನ ಗಾಡಿ ಲಗೇಜಿನ ಲೆಕ್ಕಕ್ಕೆ ಬಂದರೆ ಏಳು ಕಿಲೋ ಹೋಯಿತು, ಬರುವಾಗ ತರುವ ಖರ್ಜೂರಕ್ಕೆ ಜಾಗ ಇಲ್ಲ. ಟಿಕೆಟ್ ಮಾಡುವಾಗಲೇ ಕೇಳಿಕೊಳ್ಳಿ. ಗಾಡಿ ಒಪ್ಪಿಸುವ ಮೊದಲು ಬಾಟಲಿ ಹಿಡಿಕೆ, ಕೊಡೆ ಕಳಚಿ, ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಚಾರ್ಜಿನ ಸಣ್ಣ ಫ್ಯಾನು, ಪವರ್ ಬ್ಯಾಂಕು ಅದರಲ್ಲಿ ಬಿಡಬೇಡಿ, ಕೈಚೀಲಕ್ಕೆ ಹಾಕಿ.

ದುಬೈ, ಅಬುಧಾಬಿಯ ದೊಡ್ಡ ಪಾರ್ಕುಗಳಲ್ಲಿ ಬಾಡಿಗೆ ಗಾಡಿ ಸಿಗುತ್ತದೆ. ಒಂದೇ ದಿನದ ಪಾರ್ಕು, ಉಳಿದ ದಿನ ಭಾವನ ಕಾರು ಎಂದಾದರೆ ಬಾಡಿಗೆಯೇ ಲಾಭ. ಗಟ್ಟಿ ಪ್ಲಾಸ್ಟಿಕ್ ಸೀಟಿನ ಬಾಡಿಗೆ ಗಾಡಿ ನೋಡಲು ಚಂದ ಇಲ್ಲದಿದ್ದರೂ ದೊಡ್ಡ ಮಕ್ಕಳಿಗೆ ಹಿಡಿಸುತ್ತದೆ, ಹತ್ತಿ ಇಳಿಯಲು ಸುಲಭ, ಮಡಚುವ ತಾಪತ್ರಯ ಇಲ್ಲ. ಎರಡು ಕೊರತೆ: ಬಿಸಿಲಿಗೆ ಸೀಟು ಕಾಯುತ್ತದೆ, ಕೂರಿಸುವ ಮೊದಲು ಬೈರಾಸು ಹಾಸಿ. ಮತ್ತೆ ಗೇಟಿನಿಂದಾಚೆ ಅದು ಬರುವುದಿಲ್ಲ. ಮಗು ನಿದ್ದೆ ಹೋಗುವುದು ಸರಿಯಾಗಿ ಗೇಟಿಗೂ ಕಾರಿಗೂ ನಡುವಿನ ಅರ್ಧ ಕಿಲೋಮೀಟರಿನಲ್ಲಿ. ಬಾಡಿಗೆಯದ್ದಕ್ಕೂ ತೂಕದ ಮಿತಿ ಇದೆ, ಫ್ಲಾರಿಡಾದ ಡಿಸ್ನಿಯಲ್ಲಿ ಒಂಟಿ ಗಾಡಿಗೆ 50 ಪೌಂಡ್.

ಡಿಸ್ನಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಅವರ ಪಾರ್ಕುಗಳಲ್ಲಿ 2019ರ ಮೇ 1ರಿಂದ ಗಾಡಿ 79 ಸೆಂ.ಮೀ. ಅಗಲ, 132 ಸೆಂ.ಮೀ. ಉದ್ದ ಮೀರಬಾರದು, ಎಳೆದುಕೊಂಡು ಹೋಗುವ ವ್ಯಾಗನ್ ಬಂಡಿಗಳಿಗೆ ಪ್ರವೇಶವಿಲ್ಲ. ಮಗನ ಮನೆಗೆ ಅಮೆರಿಕಕ್ಕೆ ಹೋಗುವವರು ಎರಡು ಮಕ್ಕಳನ್ನು ವ್ಯಾಗನ್‌ನಲ್ಲಿ ಕೂರಿಸುವ ಯೋಚನೆ ಬಿಡಿ. ಅಬುಧಾಬಿಯ ಯಾಸ್ ದ್ವೀಪಕ್ಕೂ ಡಿಸ್ನಿ ಬರುವುದಾಗಿ 2025ರ ಮೇ ತಿಂಗಳಲ್ಲಿ ಘೋಷಣೆಯಾಗಿದೆ. ಅದು ತೆರೆಯುವಾಗ ಈಗಿನ ಐದು ವರ್ಷದವರಿಗೆ ಗಾಡಿಯ ಹಂಗಿರಲಾರದು.

ಐದು ಮತ್ತು ಎರಡು ವರ್ಷದ ಮಕ್ಕಳಿಬ್ಬರಿದ್ದರೆ ಜೋಡಿ ಗಾಡಿ ಕೊಳ್ಳುವ ಆಸೆ ಬರುತ್ತದೆ. ಹೆಚ್ಚಿನ ಮನೆಗಳಿಗೆ ಅದು ಭಾರ. ಹಿಂದೆ ಸಿಕ್ಕಿಸುವ ನಿಲ್ಲುಹಲಗೆಗೆ ಸಾಮಾನ್ಯವಾಗಿ 20 ಕೆ.ಜಿ. ಮಿತಿ, ದೂಡುವವರ ಮೊಣಕಾಲಿನ ಗಂಟಿಗೆ ಅದು ತಾಗುತ್ತಲೇ ಇರುತ್ತದೆ, ನಿದ್ದೆ ಬಂದ ಮಗು ಅದರ ಮೇಲೆ ನಿಲ್ಲಲಾರದು. 22 ಕೆ.ಜಿ.ಯ ಒಂಟಿ ಗಾಡಿ ಒಂದು, ಸಣ್ಣದಕ್ಕೆ ಎದೆಗೆ ಕಟ್ಟುವ ಚೀಲ ಒಂದು, ಸರದಿ ಪ್ರಕಾರ ಅದಲುಬದಲು. ಇಬ್ಬರೂ ಒಟ್ಟಿಗೆ ಮಲಗುವ ದಿನ ಮಾತ್ರ ಕಷ್ಟ, ಆಗ ಬಾಡಿಗೆಗೆ ಇನ್ನೊಂದು.

ಒಳಗೆ ಹೋದ ಮೇಲೆ

ರೈಡಿನ ಕ್ಯೂಗೆ ಗಾಡಿ ಬಿಡುವುದಿಲ್ಲ, ಹೊರಗೆ ನಿಲ್ಲಿಸುವ ಜಾಗ ಇರುತ್ತದೆ. ನೀವು ಬರುವಷ್ಟರಲ್ಲಿ ಅಲ್ಲಿನ ಕೆಲಸದವರು ಸಾಲು ಸರಿಮಾಡಲು ನಿಮ್ಮದನ್ನು ಆಚೆ ಸರಿಸಿರುತ್ತಾರೆ, ಆದ್ದರಿಂದ ಕಂಬಿಗೆ ಬೀಗ ಹಾಕಿ ಕಟ್ಟಬೇಡಿ. ಕಪ್ಪು ಗಾಡಿಗಳ ಸಾಲಿನಲ್ಲಿ ನಿಮ್ಮದು ಯಾವುದೆಂದು ತಿಳಿಯಲು ಹಿಡಿಕೆಗೆ ಕೆಂಪು ಬೈರಾಸು ಸುತ್ತಿ, ಬೆವರಿಗೂ ಆಯಿತು. ಪಾಸ್‌ಪೋರ್ಟ್, ಫೋನು, ದುಡ್ಡು ಗಾಡಿಯಲ್ಲಿ ಬಿಡಬೇಡಿ. ನೀರಿನ ಬಾಟಲಿಯೂ ನೆರಳಿನಲ್ಲಿರಲಿ.

ಬಿಸಿಲಿಗೆಂದು ಗಾಡಿಯ ಮುಂದೆ ಬಟ್ಟೆ ಇಳಿಬಿಡುವುದು ನಮ್ಮವರ ರೂಢಿ. ತೆಳ್ಳನೆಯ ಬಟ್ಟೆಯಾದರೂ ಗಾಳಿ ಕಟ್ಟಿ ಒಳಗಿನ ಸೆಕೆ ಏರುತ್ತದೆ, ಮಗುವಿನ ಮುಖವೂ ಕಾಣುವುದಿಲ್ಲ. ಕೊಡೆಯನ್ನು ಮುಂದಕ್ಕೆಳೆದು, ಹಿಂದಿನ ಬಲೆಕಿಂಡಿ ತೆರೆದಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ದುಬೈಯಲ್ಲಿ ಹಗಲು 40 ಡಿಗ್ರಿ ದಾಟುತ್ತದೆ, ಆಗ ಬಯಲಿನ ಪಾರ್ಕಿಗೆ ಯಾವ ಗಾಡಿಯೂ ಉತ್ತರವಲ್ಲ. ಬೆಲ್ಟಿನ ಕಬ್ಬಿಣದ ತುಂಡು, ಚೌಕಟ್ಟು ಕಾದಿರುತ್ತವೆ, ಕೂರಿಸುವ ಮೊದಲು ಅಂಗೈಯಲ್ಲಿ ಮುಟ್ಟಿ ನೋಡಿ. ಸಿಕ್ಕಿಸುವ ಫ್ಯಾನಿಗೆ ಹೆಣ್ಣುಮಕ್ಕಳ ಬಿಚ್ಚುಗೂದಲು ಸುತ್ತಿಕೊಳ್ಳುತ್ತದೆ. ಜಡೆ ಹಾಕಿ, ಫ್ಯಾನನ್ನು ಕೈಗೆಟುಕದಷ್ಟು ದೂರ ಸಿಕ್ಕಿಸಿ.

ಗಲ್ಫಿನಿಂದ ಬರುವವರ ಕೈಯಲ್ಲಿ ಹಳೆಯ ಗಾಡಿ ತರಿಸುವುದಾದರೆ, ವೀಡಿಯೊ ಕಾಲಿನಲ್ಲಿ ನಾಲ್ಕು ವಿಷಯ ತೋರಿಸಲು ಹೇಳಿ: ಚೀಟಿಯ ಮೇಲಿನ ಕೆ.ಜಿ., ಬಿಡಿಸಿದಾಗ ಲಾಕು ಟಕ್ಕನೆ ಕೂರುವ ಸದ್ದು, ಎತ್ತಿ ಹಿಡಿದು ತಿರುಗಿಸಿದಾಗ ಚಕ್ರ ಅಲ್ಲಾಡುತ್ತದೆಯೇ ಎಂಬುದು, ಬೆಲ್ಟಿನ ನೂಲು ಬಿಸಿಲಿಗೆ ಬೆಳ್ಳಗಾಗಿದೆಯೇ ಎಂಬುದು. ಬಣ್ಣ ಹೋದ ಬೆಲ್ಟು ನೋಡಲು ಗಟ್ಟಿ ಇದ್ದರೂ ಹೊಲಿಗೆಯಲ್ಲಿ ಕಿತ್ತುಬರುತ್ತದೆ.

ಬಂದ ಮೇಲೆ ಚಕ್ರದ ಅಚ್ಚಿನಿಂದ ಮರಳು ಒರೆಸಿ, ಸುತ್ತಿದ ಕೂದಲು ಕತ್ತರಿಸಿ ತೆಗೆಯಿರಿ. ಕಿರುಗುಟ್ಟಿದರೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ತೆಂಗಿನೆಣ್ಣೆ ಬೇಡ, ಎರಡು ದಿನ ಸುಮ್ಮನಾಗುತ್ತದೆ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ. ಸೀಟಿನ ಬಟ್ಟೆ ಬಿಚ್ಚಿ ಒಗೆದು, ಪೂರ್ತಿ ಒಣಗಿದ ಮೇಲಷ್ಟೇ ಕಟ್ಟಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮಂಚದಡಿಗೆ ದೂಡಿದರೆ ನಮ್ಮ ಮಳೆಗಾಲಕ್ಕೆ ಬೆಲ್ಟಿನ ಸಂದಿನಲ್ಲೂ ಬೂಷ್ಟು ಹಿಡಿಯುತ್ತದೆ, ಉಪ್ಪುಗಾಳಿಗೆ ರಿವೆಟುಗಳು ತುಕ್ಕಾಗುತ್ತವೆ. ಹಳೆಯ ಪಂಚೆ ಹೊದಿಸಿ ಅಟ್ಟದಲ್ಲಿಡಿ. ಆಟಿಯಲ್ಲಿ ಬಿಸಿಲು ಕಂಡ ದಿನ ಒಮ್ಮೆ ಬಿಡಿಸಿ ಅಂಗಳದಲ್ಲಿ ನಿಲ್ಲಿಸಿ, ಸಂಜೆ ಒಳಗೆ ತನ್ನಿ.